ಡಿಎನ್‌ಎ ನೋಡಿ ಕ್ರೀಮ್ ಮಾಡಿಕೊಡ್ತೀವಿ ಅಂದರು, ಡಬ್ಬಿಯಲ್ಲಿ ಇದ್ದದ್ದೇ ಬೇರೆ

ನಿಮ್ಮ ಡಿಎನ್‌ಎ ಪರೀಕ್ಷೆ ಮಾಡಿ ನಿಮಗೊಬ್ಬರಿಗೇ ಅಂತ ಕ್ರೀಮ್ ತಯಾರಿಸಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನಮ್ಮ ಅಕ್ಕನ ಮುಖ ಹಾಳಾಗಿದ್ದು ಹೀಗೆಯೇ. ಅವಳೇ "ಬರಿ, ಇನ್ನೊಬ್ಬರಿಗೆ ಆಗೋದು ಬೇಡ" ಎಂದಿದ್ದಾಳೆ. ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ.

ಅಕ್ಕ ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡಿತು. ಅಮ್ಮನಿಗೂ ಇತ್ತು, ದೊಡ್ಡಮ್ಮನಿಗೂ ಇತ್ತು. ಮನೆಯಲ್ಲಿ ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ "ಏನಾಯ್ತಮ್ಮಾ ಮುಖಕ್ಕೆ?" ಎಂದು ಕೇಳುವವರಿಗೆ ಕಡಿಮೆ ಇಲ್ಲವಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಚರ್ಮದ ಕ್ಲಿನಿಕ್ಕಿನ ಜಾಹೀರಾತು ಅವಳ ಫೋನಿಗೆ ಬಂತು. ನಿಮ್ಮ ಜೀನ್‌ಗೆ ತಕ್ಕ ಕ್ರೀಮ್, ಬಂಗು ಬುಡಸಮೇತ ಮಾಯ, ಅಂತ.

ಅಲ್ಲಿ ಅವಳನ್ನು ನೋಡಿದ್ದು ಚರ್ಮದ ಡಾಕ್ಟರ್ ಅಲ್ಲ. ಬಿಳಿ ಕೋಟು ಹಾಕಿದ್ದ ಸ್ಕಿನ್ ಕೌನ್ಸೆಲರ್. ಡಾಕ್ಟರ ಹೆಸರು ಬೋರ್ಡಿನ ಮೇಲಿತ್ತು, ಡಾಕ್ಟರ್ ಮಾತ್ರ ಕಾಣಲಿಲ್ಲ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಸ್ಯಾಂಪಲ್ ತೆಗೆದುಕೊಂಡರು. ಪರೀಕ್ಷೆ, ವರದಿ, ಕ್ರೀಮ್ ಎಲ್ಲ ಸೇರಿ ಪ್ಯಾಕೇಜ್ 30 ಸಾವಿರದ ಹತ್ತಿರ. ಕಂತಿನಲ್ಲೂ ಕಟ್ಟಬಹುದು ಎಂದರು.

ಕೆಲವು ವಾರಗಳ ನಂತರ ವರದಿ ಬಂತು. ನುಣುಪು ಕಾಗದ, ಪುಟಕ್ಕೊಂದು ಬಣ್ಣದ ಮೀಟರ್, ಹಸಿರಿನಿಂದ ಕೆಂಪಿಗೆ ಹೋಗುವ ಮುಳ್ಳು. ಒಂದು ಪುಟದಲ್ಲಿ ಎಂಎಂಪಿ1 ಜೀನ್, ಕೆಳಗೆ "ಕೊಲಾಜೆನ್ ಒಡೆಯುವ ವೇಗ: ಜಾಸ್ತಿ". ಇನ್ನೊಂದರಲ್ಲಿ ಎಸ್‌ಎಲ್‌ಸಿ24ಎ5, ಕೆಳಗೆ "ಮೆಲನಿನ್ ಅಪಾಯ: ಅಧಿಕ". ಮತ್ತೊಂದರಲ್ಲಿ ಫಿಲಾಗ್ರಿನ್, "ಸಾಮಾನ್ಯ, ಪರೀಕ್ಷಿಸಿದ ಸ್ಥಾನ 2". ಕೊನೆಯ ಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು: ಈ ವರದಿಯನ್ನು ರೋಗ ಪತ್ತೆಗೆ ಅಥವಾ ಚಿಕಿತ್ಸೆಗೆ ಬಳಸಬಾರದು. ಮೂವತ್ತು ಸಾವಿರ ತೆಗೆದುಕೊಂಡು ಚಿಕಿತ್ಸೆ ಅಂತ ಕೊಟ್ಟ ಕಾಗದದಲ್ಲೇ ಈ ಮಾತು!

ಡಬ್ಬಿ ಬಿಳಿ ಪ್ಲಾಸ್ಟಿಕ್ಕಿನದು. ಮೇಲೆ ಅಕ್ಕನ ಹೆಸರು, ಒಂದು ಬಾರ್‌ಕೋಡ್, "ನೈಟ್ ಫಾರ್ಮುಲಾ". ಅಷ್ಟೇ. ಒಳಗೆ ಏನಿದೆ ಎಂದಿಲ್ಲ, ಯಾರು ತಯಾರಿಸಿದರು ಎಂದಿಲ್ಲ, ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಕೇಳಿದ್ದಕ್ಕೆ ಬಂದ ಉತ್ತರ: "ಮೇಡಂ, ಇದು ನಿಮ್ಮ ಡಿಎನ್‌ಎಗೆ ಮಾಡಿದ್ದು, ಅಂಗಡಿ ಮಾಲಲ್ಲ."

ಹಚ್ಚಿದ ಎರಡು ವಾರಕ್ಕೇ ಮುಖ ಹೊಳೆಯತೊಡಗಿತು. ಬಂಗು ತಿಳಿಯಾಯಿತು. ಕೇಳಿದವರೆಲ್ಲ ಈಗ ಹೊಗಳುವವರಾದರು. ಮುಗಿದ ಹಾಗೆ ಹೊಸ ಡಬ್ಬಿ ಕೊರಿಯರ್‌ನಲ್ಲಿ ಬರುತ್ತಿತ್ತು. ನಿಮ್ಮ ಜೀನ್ ಹೀಗಿರುವುದರಿಂದ ನಿಲ್ಲಿಸುವ ಹಾಗಿಲ್ಲ, ಮುಂದುವರಿಸುತ್ತಲೇ ಇರಬೇಕು ಎಂದು ಹೇಳಿದ್ದರು. ತಿಂಗಳುಗಳು ಕಳೆದವು. ಆಮೇಲೆ ಶುರುವಾಯಿತು. ಒಲೆ ಮುಂದೆ ನಿಂತರೆ ಮುಖ ಉರಿ. ಬಿಸಿಲಿಗೆ ಹೋದರೆ ಮೆಣಸಿನಪುಡಿ ಎರಚಿದ ಹಾಗೆ. ಮೂಗಿನ ಪಕ್ಕ ದಾರದಂಥ ಕೆಂಪು ಗೆರೆಗಳು, ಗಲ್ಲದ ಮೇಲೆ ಸಣ್ಣ ಸಣ್ಣ ಗುಳ್ಳೆ, ಕೆನ್ನೆಯ ಅಂಚಿನಲ್ಲಿ ಹಿಂದೆ ಇಲ್ಲದ ಕೂದಲು. ಕ್ರೀಮ್ ಬಿಟ್ಟರೆ ಎರಡೇ ದಿನಕ್ಕೆ ಮುಖ ಊದಿಕೊಂಡು ಕೆಂಪಗಾಗುತ್ತಿತ್ತು, ಹಚ್ಚಿದರೆ ಇಳಿಯುತ್ತಿತ್ತು. "ಇದು ನಿಮ್ಮ ಸೆನ್ಸಿಟಿವ್ ಜೀನ್" ಎಂದು ಕ್ಲಿನಿಕ್‌ನವರು ಇನ್ನೊಂದು ಡಬ್ಬಿ ಸೇರಿಸಿದರು.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಅಕ್ಕನನ್ನು ಕಿಟಕಿ ಹತ್ತಿರ ಕೂರಿಸಿ, ಒಂದು ಸಣ್ಣ ಲೆನ್ಸನ್ನು ಕೆನ್ನೆಗೆ ಒತ್ತಿ ನೋಡಿದರು. ನನಗೂ ತೋರಿಸಿದರು. ತೆಳುವಾದ ಚರ್ಮದ ಕೆಳಗೆ ರಕ್ತನಾಳಗಳು ಹೆಣೆದುಕೊಂಡು ಎದ್ದು ಕಾಣುತ್ತಿದ್ದವು. "ಇದು ಸ್ಟೀರಾಯ್ಡ್ ಹಚ್ಚಿ ಹಚ್ಚಿ ಹಾಳಾದ ಮುಖ. ವಾರಕ್ಕೆ ಎಷ್ಟೋ ಜನ ಬರ್ತಾರೆ" ಎಂದರು. ಚರ್ಮವೈದ್ಯರು ಇದಕ್ಕೆ ಒಂದು ಹೆಸರನ್ನೇ ಇಟ್ಟಿದ್ದಾರಂತೆ, ಅಷ್ಟು ಸಾಮಾನ್ಯ. ವರದಿಯನ್ನು ಅವರು ತಿರುವಿ ನೋಡಿ ಪಕ್ಕಕ್ಕಿಟ್ಟರು. ಕೇಳಿದ್ದು ಇಷ್ಟೇ: ಅಮ್ಮನಿಗೆ ಬಂಗು ಇತ್ತಾ? ಬಸುರಿಯಾಗಿದ್ದಾಗ ಬಂತಾ? ಗರ್ಭನಿರೋಧಕ ಮಾತ್ರೆ ತಗೋತೀರಾ? ಬಿಸಿಲಲ್ಲಿ ಎಷ್ಟು ಹೊತ್ತು ಇರ್ತೀರಾ?

ಬಂಗು ಮನೆತನದಲ್ಲಿ ಹರಿದು ಬರುತ್ತದೆ ಎನ್ನುವುದು ನಿಜ. ಅದನ್ನು ತಿಳಿಯಲು ಹತ್ತಿಕಡ್ಡಿ ಬೇಕಾಗಿರಲಿಲ್ಲ, ಅಮ್ಮನ ಮುಖ ನೋಡಿದ್ದರೆ ಸಾಕಿತ್ತು.

ಡಬ್ಬಿಯಲ್ಲಿ ಏನಿದೆ ಎಂದು ಕ್ಲಿನಿಕ್‌ನವರು ಆಗಲೂ ಬಾಯಿ ಬಿಡಲಿಲ್ಲ. ನಮಗೆ ನೆರವಾಗಿದ್ದು ಒಂದು ನಿಯಮ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ ರೋಗಿ ತನ್ನ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬೋರ್ಡಿನ ಮೇಲಿದ್ದ ಡಾಕ್ಟರ ಹೆಸರಿಗೇ ಪತ್ರ ಬರೆದು, ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಉತ್ತರದ ಜೊತೆ ಒಂದು ಹಾಳೆ ಬಂತು. ಅದರಲ್ಲಿ ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಚರ್ಮದ ಬಣ್ಣ ತಿಳಿಮಾಡುವ ಔಷಧ, ಎರಡನೆಯದು ವಿಟಮಿನ್ ಎ ಜಾತಿಯ ಔಷಧ, ಮೂರನೆಯದು ಸ್ಟೀರಾಯ್ಡ್.

ಇದರಲ್ಲಿ ಹೊಸದೇನೂ ಇಲ್ಲ. ಈ ಥರದ ಮೂರರ ಮಿಶ್ರಣವನ್ನು ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು 1975ರಲ್ಲೇ ಪ್ರಕಟಿಸಿದ್ದರು, ಆಗ ಅದರಲ್ಲಿ ಬೇರೆ ಸ್ಟೀರಾಯ್ಡ್ ಇತ್ತು. ಇವತ್ತಿಗೂ ಚರ್ಮವೈದ್ಯರು ಬಂಗಿಗೆ ಇಂಥದ್ದನ್ನು ಬರೆಯುತ್ತಾರೆ. ಆದರೆ ಕೆಲವೇ ವಾರಕ್ಕೆ, ತಾವೇ ಕಣ್ಣಿಟ್ಟು, ಆಮೇಲೆ ನಿಲ್ಲಿಸುತ್ತಾರೆ. ಸ್ಟೀರಾಯ್ಡ್ ರಕ್ತನಾಳವನ್ನು ಕುಗ್ಗಿಸುತ್ತದೆ, ಉರಿಯೂತ ತಗ್ಗಿಸುತ್ತದೆ, ಅದಕ್ಕೇ ಮೊದಲು ಆ ಹೊಳಪು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಅದೇ ನಾಳಗಳು ಹಿಗ್ಗಿಕೊಂಡು ಉಳಿದುಬಿಡುತ್ತವೆ. ಹೈಡ್ರೋಕ್ವಿನೋನ್ ಅತಿಯಾದರೆ ಕೆಲವರಲ್ಲಿ ಚರ್ಮ ನೀಲಿ ಮಿಶ್ರಿತ ಕಪ್ಪಾಗುತ್ತದೆ, ಅದು ಹೋಗುವುದು ಬಹಳ ಕಷ್ಟ. ಟ್ರೆಟಿನಾಯಿನ್ ಬಸುರಿಯರಿಗೆ ಕೊಡುವುದಿಲ್ಲ. ಇಷ್ಟೆಲ್ಲ ಇರುವ ಔಷಧವನ್ನು ಹೆಸರಿಲ್ಲದ ಡಬ್ಬಿಗೆ ತುಂಬಿ, ಬಾಣಂತನ ಮುಗಿಸಿದ ಹೆಂಗಸಿಗೆ, ಮತ್ತೆ ಬಸುರಿಯಾಗುವ ಆಲೋಚನೆ ಇದೆಯಾ ಎಂದು ಒಂದು ಮಾತೂ ಕೇಳದೆ ಕೊಟ್ಟಿದ್ದರು. ನನಗೆ ಸಿಟ್ಟು ಬರುವುದು ಇಲ್ಲಿ. 2018ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಮೆಡಿಕಲ್ ಸ್ಟೋರಿನಲ್ಲಿ ಟ್ಯೂಬ್ ತಗೊಂಡರೆ ಕನಿಷ್ಠ ಹೆಸರಾದರೂ ಓದಬಹುದಿತ್ತು, ಬೆಲೆಯೂ ಕೆಲವು ನೂರು ರೂಪಾಯಿ ದಾಟುತ್ತಿರಲಿಲ್ಲ.

ಇನ್ನೊಂದು ಸಂಗತಿ. ಅಕ್ಕನ ಶಾಲೆಯ ಇನ್ನೊಬ್ಬ ಟೀಚರ್ ಮೊಡವೆಗೆ ಅಂತ ಅದೇ ಕ್ಲಿನಿಕ್ಕಿಗೆ ಹೋಗಿದ್ದರು. ಅವರ ವರದಿಯ ಮೀಟರ್‌ಗಳೇ ಬೇರೆ. ಅವರೂ ದಾಖಲೆ ತರಿಸಿದರು. ಅದೇ ಮೂರು ಹೆಸರು.

ಹಾಗಾದರೆ ಚರ್ಮಕ್ಕೂ ಜೀನ್‌ಗೂ ಸಂಬಂಧವೇ ಇಲ್ಲವಾ? ಖಂಡಿತ ಇದೆ. ಅದಕ್ಕೇ ಈ ಮೋಸ ಇಷ್ಟು ಸುಲಭವಾಗಿ ನಡೆಯುತ್ತದೆ. 2002ರಲ್ಲಿ ಬ್ರಿಟನ್ನಿನ ಅವಳಿಗಳ ಮೇಲೆ ನಡೆದ ಅಧ್ಯಯನದಲ್ಲಿ ಮೊಡವೆಯ ವ್ಯತ್ಯಾಸಕ್ಕೆ ಶೇ 81ರಷ್ಟು ಕಾರಣ ಅನುವಂಶೀಯತೆ ಎಂದು ಕಂಡುಬಂತು. ಆದರೆ ಅದು ಯಾವುದೋ ಒಂದು ಜೀನ್‌ನ ಕೆಲಸ ಅಲ್ಲ, ಎಷ್ಟೋ ಜೀನ್‌ಗಳು ತಲಾ ಚೂರುಚೂರು ಸೇರಿಸುತ್ತವೆ. ಇಂಥ ಜೀನ್ ಇದ್ದರೆ ಇಂಥ ಕ್ರೀಮ್ ಎನ್ನುವ ಲೆಕ್ಕ ಅದರಿಂದ ಹುಟ್ಟುವುದಿಲ್ಲ.

ವರದಿಯಲ್ಲಿ ಕೆಂಪು ತೋರಿಸಿದ್ದ ಎಸ್‌ಎಲ್‌ಸಿ24ಎ5 ಜೀನನ್ನೇ ತೆಗೆದುಕೊಳ್ಳಿ. ಮನುಷ್ಯರ ಬಣ್ಣದಲ್ಲಿ ಅದರ ಪಾತ್ರ ತಿಳಿದಿದ್ದು 2005ರಲ್ಲಿ, ಅಮೆರಿಕದಲ್ಲಿ, ತಿಳಿ ಬಣ್ಣದ ಜೀಬ್ರಾಫಿಶ್ ಎಂಬ ಸಣ್ಣ ಮೀನಿನಿಂದ. ಬಿಳಿ ಬಣ್ಣಕ್ಕೆ ಕಾರಣವಾಗುವ ಅದರ ರೂಪ ಯುರೋಪಿನವರಲ್ಲೂ ನಮ್ಮಲ್ಲೂ ಒಂದೇ ಮೂಲದಿಂದ ಬಂದದ್ದು ಎಂದು 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಸೇರಿದ್ದ ತಂಡ ತೋರಿಸಿತು. ಬಲು ಚೆಂದದ ಸಂಶೋಧನೆ. ಆದರೆ ಅದು ಹೇಳುವುದು ಹುಟ್ಟುಬಣ್ಣದ ಬಗ್ಗೆ. ಅದನ್ನು ನೋಡಿ ಬಂಗಿಗೆ ಇಂಥದ್ದೇ ಕ್ರೀಮ್ ಎಂದು ಆರಿಸಲು ಬರುವುದಿಲ್ಲ.

ಫಿಲಾಗ್ರಿನ್ ಕಥೆ ಇನ್ನೂ ಮುಖ್ಯ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಪ್ರೋಟೀನ್ ಅದು. ಅದರ ಜೀನ್ ಕೆಟ್ಟಿದ್ದರೆ ಒಣ ಚರ್ಮ, ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಬರುವ ಸಾಧ್ಯತೆ ಜಾಸ್ತಿ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ಪತ್ತೆ ಮಾಡಿತು. ಅವರು ಗುರುತಿಸಿದ ಎರಡು ದೋಷಗಳು ಯುರೋಪಿನವರಲ್ಲಿ ಸಾಮಾನ್ಯ. ಏಷ್ಯಾದ ಜನರಲ್ಲಿ ಅದೇ ಜೀನ್ ಬೇರೆ ಬೇರೆ ಜಾಗದಲ್ಲಿ ಕೆಟ್ಟಿರುತ್ತದೆ. ಅಂದಮೇಲೆ ಎರಡೇ ಸ್ಥಾನ ನೋಡಿ "ಸಾಮಾನ್ಯ" ಎಂದು ಹಸಿರು ಮುಳ್ಳು ತೋರಿಸಿದರೆ ಅದನ್ನು ಎಷ್ಟು ನಂಬಬಹುದು, ನೀವೇ ಹೇಳಿ. ಇಂಥ ಜೀನ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಸುಮಾರು ಶೇ 79ರಷ್ಟು ಯುರೋಪ್ ಮೂಲದವರು, ಜಗತ್ತಿನ ಜನಸಂಖ್ಯೆಯಲ್ಲಿ ಅವರ ಪಾಲು ಶೇ 16 ಮಾತ್ರ ಎಂದು 2019ರಲ್ಲೇ ಲೆಕ್ಕ ಹಾಕಿದ್ದರು. ನಮ್ಮವರ ಮಾಹಿತಿ ಈಗಷ್ಟೇ ಕೂಡಿಬರುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ, ಭಾರತೀಯರ ಡಿಎನ್‌ಎ ಓದುವ ಜೀನೋಮ್ ಇಂಡಿಯಾ ಯೋಜನೆಯ 10,000 ಜನರ ಮಾಹಿತಿ ಸಂಶೋಧಕರಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ.

ಜೀನ್ ಪರೀಕ್ಷೆ ನಿಜವಾಗಿ ಚರ್ಮ ಉಳಿಸುವ ಜಾಗಗಳೂ ಇವೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಮಾತ್ರೆ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ರೂಪ ಇರುವ ಕೆಲವರಲ್ಲಿ ಮೈಚರ್ಮವೇ ಸುಲಿದುಹೋಗುವಂಥ ಪ್ರಾಣಾಪಾಯ ತರುತ್ತದೆ. ತೈವಾನಿನ ವೈದ್ಯರು ಇದನ್ನು 2004ರಲ್ಲಿ ಕಂಡುಹಿಡಿದರು, ಈಗ ಮಾತ್ರೆ ಶುರುಮಾಡುವ ಮೊದಲೇ ಪರೀಕ್ಷೆ ಮಾಡಿಸುವುದಿದೆ. ಹುಟ್ಟಿದಾಗಿನಿಂದ ಮುಟ್ಟಿದಲ್ಲೆಲ್ಲ ಬೊಬ್ಬೆ ಏಳುವ ಮಕ್ಕಳ ಮನೆಯವರಿಗೂ ಜೀನ್ ಪರೀಕ್ಷೆ, ಅದನ್ನು ಕೂತು ವಿವರಿಸುವ ತಜ್ಞರು ಬೇಕೇ ಬೇಕು. ಅಲ್ಲೆಲ್ಲ ವೈದ್ಯರು ಒಂದು ನಿರ್ದಿಷ್ಟ ಪ್ರಶ್ನೆ ಇಟ್ಟುಕೊಂಡು ಪರೀಕ್ಷೆ ಬರೆಯುತ್ತಾರೆ. ಪರೀಕ್ಷೆಯ ಹಿಂದೆ ಕ್ರೀಮ್ ಡಬ್ಬಿ ಬರುವುದಿಲ್ಲ.

ಕೆನ್ನೆಯ ಒಳಗಿಂದ ತೆಗೆದ ಸ್ಯಾಂಪಲ್ ಏನಾಯಿತು ಎನ್ನುವುದೂ ನಮಗೆ ಇನ್ನೂ ಗೊತ್ತಿಲ್ಲ. ನಾಶ ಮಾಡಿ ಎಂದು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಇದು ಅಕ್ಕನ ವಿಷಯ ಮಾತ್ರ ಅಲ್ಲ, ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಡಿಎನ್‌ಎ ಒಂದೇ ಇರುತ್ತದೆ, ಅಂದರೆ ನನ್ನದೂ ಒಂದಿಷ್ಟು ಅಲ್ಲಿದೆ. ಅಮೆರಿಕದ ದೊಡ್ಡ ಡಿಎನ್‌ಎ ಕಂಪನಿ 23ಆಂಡ್‌ಮಿಯಲ್ಲೇ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು, 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸಲು ಆಗಲ್ಲ ಅಲ್ವಾ?

ಅಕ್ಕ ಈಗ ಸುಧಾರಿಸುತ್ತಿದ್ದಾಳೆ, ನಿಧಾನವಾಗಿ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಕೊಟ್ಟಿದ್ದು ಸಾದಾ ಮಾಯಿಶ್ಚರೈಸರ್, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್, ಜೊತೆಗೆ ಉರಿ ಇಳಿಸುವ ಔಷಧ. ನಮ್ಮಂಥ ಕಂದು ಚರ್ಮದವರ ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಜಾಸ್ತಿ ಮಾಡುತ್ತದೆ, ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯುವುದಿಲ್ಲ ಎಂದು ವಿವರಿಸಿದರು. ಆ ಕ್ಲಿನಿಕ್ಕಿನ ಅಷ್ಟು ಪುಟಗಳ ವರದಿಯಲ್ಲಿ ಈ ಒಂದು ಮಾತು ಇರಲಿಲ್ಲ.

ಹೋಗುವುದೇ ಆದರೆ ಮೊದಲು ನೋಡುವವರು ಯಾರು ಎಂದು ಕೇಳಿ. ಎಂಬಿಬಿಎಸ್ ಆದಮೇಲೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರಾ? ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇದೆಯಾ? ಡಬ್ಬಿಯ ಮೇಲೆ ಅಂಶಗಳು, ತಯಾರಕರ ವಿಳಾಸ, ಬ್ಯಾಚ್ ಮತ್ತು ಲೈಸೆನ್ಸ್ ನಂಬರ್ ಇಲ್ಲದಿದ್ದರೆ ಮುಖಕ್ಕೆ ಹಚ್ಚಬೇಡಿ, ಎಷ್ಟೇ ನಯವಾಗಿ ಮಾತಾಡಲಿ. ತೊಂದರೆ ಆಗಿದ್ದರೆ ಔಷಧದ ಅಡ್ಡಪರಿಣಾಮ ತಿಳಿಸಲು 1800-180-3024 ಇದೆ, ಕರೆ ಉಚಿತ. ಹಣದ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈಗಾಗಲೇ ಇಂಥ ಡಬ್ಬಿ ಹಚ್ಚುತ್ತಿರುವವರು ಹೆದರಿ ಇವತ್ತೇ ದಿಢೀರ್ ಅಂತ ಬಿಡಬೇಡಿ, ಮುಖ ಊದಿಕೊಳ್ಳಬಹುದು. ಜಿಲ್ಲಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಬೇಗ ಹೋಗಿ, ಅವರು ಹೇಗೆ ಬಿಡಿಸಬೇಕು ಎಂದು ಹೇಳುತ್ತಾರೆ. ಹೋಗುವಾಗ ಡಬ್ಬಿ, ಬಿಲ್ಲು, ವರದಿ ಮೂರನ್ನೂ ತಗೊಂಡು ಹೋಗಿ. ಖಾಲಿಯಾದ ಡಬ್ಬಿಯನ್ನೂ ಬಿಸಾಡಬೇಡಿ, ನಮ್ಮ ದೂರಿಗೆ ಸಾಕ್ಷಿಯಾಗಿ ನಿಂತಿದ್ದು ಅದೇ.