ಕುದುರೆ ಡಾಕ್ಟರ್ ಸೇವೆ: ರಸೀದಿ ಕೇಳಿ ಪಡೆಯಿರಿ

ಮೊದಲು ದೂರು ಹೇಳಿಬಿಡುತ್ತೇನೆ. ಬೆಳಿಗ್ಗೆ 9ಕ್ಕೆ ಬರುತ್ತೇನೆ ಎಂದಿದ್ದ ಡಾಕ್ಟರು ಬೆಟಗೇರಿಯ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದಾಗ 11.20. ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ತಡವಾದಾಗ ಪ್ರಯಾಣಿಕರು ನನಗೆ ಏನೇನು ಅಂದಿದ್ದರೋ ಅದನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಗೇಟು ತೆಗೆದೆ. ಆ ಹೆಣ್ಣುಮಗಳು ನನ್ನ ಮುಖವನ್ನೂ ನೋಡಲಿಲ್ಲ. ಕುದುರೆ ನಿಂತಿದ್ದ ಬಗೆಯನ್ನೇ ನೋಡುತ್ತ ಐದು ನಿಮಿಷ ಸುಮ್ಮನೆ ನಿಂತರು.

ಅವರ ಹೆಸರು ಹಾಕುತ್ತಿಲ್ಲ, ಬೇಡವೆಂದಿದ್ದಾರೆ. ಹುಬ್ಬಳ್ಳಿಯಿಂದ ಗದಗದ ಕಡೆಗೆ ಬಂದು ಕುದುರೆ ನೋಡುವ ಖಾಸಗಿ ಡಾಕ್ಟರು ಎಂದರೆ ಕುದುರೆ ಸಾಕಿದವರಿಗೆ ಗೊತ್ತಾಗುತ್ತದೆ. ತುರ್ತು ಇದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನವಿದೆ. ನನ್ನದು ತುರ್ತಲ್ಲ, ತಿಂಗಳುಗಟ್ಟಲೆ ಎಳೆದಾಡಿದ ತೊಡಕು.

ಗುಂಡ್ಯಾ ನಮ್ಮ ತಟ್ಟು. ನಾಲ್ಕು ವರ್ಷದ ಹಿಂದೆ, ಟಾಂಗಾ ಬಿಟ್ಟವನೊಬ್ಬನಿಗೆ ಹನ್ನೊಂದು ಸಾವಿರ ಕೊಟ್ಟು ತಂದದ್ದು. ನಿವೃತ್ತಿಯ ದುಡ್ಡು ಕೈಯಲ್ಲಿತ್ತು, ಮೊಮ್ಮಕ್ಕಳು ಸವಾರಿ ಮಾಡಲಿ ಎಂಬ ಆಸೆ. ಅವರು ಹತ್ತಿ ಕೂತದ್ದು ಎರಡೇ ಸಲ. ಹಾಲಿನವನ ಭುಜ, ನನ್ನ ಎಡ ಮುಂಗೈ, ಪಕ್ಕದ ಮನೆಯವರು ಒಣಹಾಕಿದ್ದ ಇಳಕಲ್ ಸೀರೆ, ಎಲ್ಲದರ ಮೇಲೂ ಅವನ ಹಲ್ಲಿನ ಗುರುತು. ಕಳೆದ ದೀಪಾವಳಿಯ ನಂತರ ಮುಂಗಾಲು ಊರಲು ಹಿಂಜರಿಯತೊಡಗಿದ. ಅದೇ ಹೊತ್ತಿಗೆ ನನ್ನ ಹೆಂಡತಿಯ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದಾಯಿತು, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಮಗಳ ಮನೆಗೆ ಹೋಗುವುದು ಖಾತ್ರಿಯಾಯಿತು. ಮೂರನೆಯ ಮಹಡಿ.

ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಕಾಲಿಗೆ ಬರೆ ಹಾಕಿಸಿ ಎಂದರು. ಒಂದು ಪ್ರಾಣಿ ಆಶ್ರಮದವರು ತಿಂಗಳಿಗೆ ಆರು ಸಾವಿರ ಕೇಳಿದರು. ದಲ್ಲಾಳಿಯೊಬ್ಬ, ಮದುವೆ ಮೆರವಣಿಗೆಗೆ ಆಗುತ್ತಾನೆ, ಹದಿನಾಲ್ಕು ಸಾವಿರಕ್ಕೆ ಒಯ್ಯುತ್ತೇನೆ ಎಂದ. ಮೂರು ಸಾವಿರ ಲಾಭ. ನಾನು ಅರ್ಧ ಒಪ್ಪಿದ್ದೆ, ಡಾಕ್ಟರನ್ನು ಕರೆಸಿದ್ದು ಮಾರುವ ಮುಂಚೆ ಕಾಲು ಸ್ವಲ್ಪ ಸರಿಮಾಡಿಸಲೆಂದು. ಮುಚ್ಚಿಟ್ಟು ಏನು ಪ್ರಯೋಜನ?

ಅವರು ಮೊದಲು ಬಾಯಿ ತೆರೆಸಿದರು. ಮೇಲಿನ ಸಾಲಿನ ಮೂಲೆಯ ಹಲ್ಲಿನ ಮೇಲೆ ಕಂದು ಗೆರೆಯೊಂದಿತ್ತು. ಹತ್ತು ವರ್ಷದ ಹೊತ್ತಿಗೆ ಒಸಡಿನ ಬಳಿ ಮೂಡುವ ಆ ಗೆರೆ ಇಪ್ಪತ್ತಕ್ಕೆ ಹಲ್ಲಿನ ತುದಿ ಮುಟ್ಟುತ್ತದಂತೆ. ಗುಂಡ್ಯಾನದು ತುದಿಗೆ ಸಮೀಪಿಸಿತ್ತು. ಮಾರಿದವನು ಎಂಟು ವರ್ಷದ ಕುದುರೆ ಎಂದಿದ್ದ!

ಆಮೇಲೆ ನನ್ನ ಕೈ ಹಿಡಿದು, "ಬೆರಳು ಇಲ್ಲಿಡಿ ಕಾಕಾ" ಎಂದು ಹಿಂಗಾಲಿನ ಗೊರಸಿನ ಮೇಲ್ಗಡೆ, ಕಾಲಿನ ಹಿಂಬದಿಯ ತಗ್ಗಿನಲ್ಲಿ ಇರಿಸಿದರು. ಏನೂ ಸಿಗಲಿಲ್ಲ. ಅದೇ ಜಾಗವನ್ನು ಮುಂಗಾಲಿನಲ್ಲಿ ಮುಟ್ಟಿಸಿದರು. ನಾಡಿ ಡಬಡಬ ಬಡಿಯುತ್ತಿತ್ತು, ಗೊರಸು ಬಿಸಿಯಾಗಿತ್ತು. ಗೊರಸಿನ ಒಳಗೆ ಒಂದು ಎಲುಬು ಇದೆ, ಅದನ್ನು ಗೋಡೆಗೆ ಹಿಡಿದಿಟ್ಟ ಪದರ ಉರಿಯೂತದಿಂದ ಬಿಡುತ್ತಿದೆ, ಬಿಟ್ಟರೆ ಎಲುಬು ಕೆಳಗೆ ಜಾರುತ್ತದೆ ಎಂದು ವಿವರಿಸಿದರು. ಭಾರವನ್ನು ಹಿಂದಕ್ಕೆ ಹಾಕಿ ಮುಂಗಾಲು ಚಾಚಿ ನಿಲ್ಲುವುದು ಅದರ ಲಕ್ಷಣ. ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ.

"ದಿನಕ್ಕೆ ಹುರುಳಿ ಎಷ್ಟು?"

"ಒಂದು ಸೇರು" ಎಂದೆ.

"ಖರೆ ಹೇಳಿರಿ" ಎಂದು ಒಳಗಿನಿಂದ ನನ್ನ ಹೆಂಡತಿ. "ಎರಡೂವರೆ ಸೇರು, ಮೇಲೆ ಬೆಲ್ಲ. ಹಬ್ಬಕ್ಕೆ ಹೋಳಿಗೆ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೆಲಸವಿಲ್ಲದ ಕುದುರೆಗೆ ಅಷ್ಟು ಕಾಳು, ಬೆಲ್ಲ ತಿನ್ನಿಸಿದರೆ ಕಾಲಿಗೇ ಬರುತ್ತದೆ ಎಂದಷ್ಟೇ ಹೇಳಿ ಬರೆದುಕೊಂಡರು.

ಮಾರುವ ಮಾತೆತ್ತಿದೆ. ವಯಸ್ಸಿನಿಂದಲೋ ರೋಗದಿಂದಲೋ ಕೈಲಾಗದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಎಂದರು. "ನೋವಿನ ಇಂಜೆಕ್ಷನ್ ಚುಚ್ಚಿ ಎರಡು ಮದುವೆ ಕುಣಿಸುತ್ತಾರೆ ಕಾಕಾ. ಆಮೇಲೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಎಲ್ಲಿ ಬಿದ್ದ ಎಂಬ ಸುದ್ದಿಯೂ ನಿಮಗೆ ಬರುವುದಿಲ್ಲ." ಹಾಗಾದರೆ ಇವತ್ತೇ ಮುಗಿಸಿಬಿಡಿ ಎಂದೆ. ಅದಕ್ಕೂ ಒಪ್ಪಲಿಲ್ಲ. ಔಷಧದ ಚೀಟಿಯ ಮೇಲೆ ಮೂರು ಸಾಲು ಬರೆದುಕೊಟ್ಟರು: ಆರು ವಾರದೊಳಗೆ ನೋವಿನ ಔಷಧವಿಲ್ಲದೆ ಮೇವಿನ ತನಕ ತಾನೇ ನಡೆಯಬೇಕು, ಹಗಲೆಲ್ಲ ಮಲಗಿರಬಾರದು, ಗೊರಸಿನ ಅಡಿ ಉಬ್ಬಬಾರದು. ಮೂರೂ ಆದರೆ ದುಡಿಸದ ಮನೆ ಹುಡುಕೋಣ, ಆಗದಿದ್ದರೆ ಫೋನ್ ಮಾಡಿ ಎಂದರು. ಈ ಸೇವೆಯಲ್ಲಿ ನಾನು ದುಡ್ಡು ಕೊಟ್ಟದ್ದಕ್ಕೆ ಸಾರ್ಥಕವೆನಿಸಿದ್ದು ಆ ಚೀಟಿ. ಮಿಕ್ಕವರೆಲ್ಲ ತಮ್ಮ ತಮ್ಮ ತೀರ್ಪು ಕೊಟ್ಟು ಹೋಗಿದ್ದರು.

ಕೊರತೆ ಎಂದರೆ ಎಕ್ಸ್-ರೇ ಯಂತ್ರ ಅವರ ಬಳಿ ಇಲ್ಲ. ಆ ಕಾಲಿನಲ್ಲಿ ಲಾರಿ ಹತ್ತಿಸುವುದು ಸರಿಯಲ್ಲವೆಂದು ಎಕ್ಸ್-ರೇ ಇಲ್ಲದೆಯೇ ಚಿಕಿತ್ಸೆ ನಡೆಯಿತು. ಜೊತೆಗೆ ಕರೆತಂದ ಗೊರಸು ಕತ್ತರಿಸುವ ಹುಡುಗ ನಿಪುಣ, ಆದರೆ ಬಾಯಿ ಜಾಸ್ತಿ.

ಲಾಯಕ್ಕೆ ಒಂದು ಟ್ರಾಲಿ ಮರಳು ಹಾಸಿದೆ. ಹುರುಳಿ ಬಂದ್. ಒಣಹುಲ್ಲನ್ನು ಒಂದು ತಾಸು ನೀರಿನಲ್ಲಿ ನೆನೆಸಿ, ಸಿಹಿ ಇಳಿಸಿ ಹಾಕಬೇಕು. ನೋವಿನ ಔಷಧ ಶುರುವಾದ ಮೂರನೆಯ ದಿನ ಹಾಲಿನವನು ಮರೆತು ಹತ್ತಿರ ಹೋದ. ಗುಂಡ್ಯಾ ಅವನ ಕ್ಯಾನು ಮೂಸಿ ಸುಮ್ಮನಾದ. ಇಷ್ಟು ವರ್ಷ ಆ ಮೂತಿಗೆ ನಾನು ಕೊಟ್ಟ ಪೆಟ್ಟುಗಳು ನೆನಪಾದವು.

ಔಷಧ ನಿಲ್ಲಿಸಿದ ಮೇಲೆ ಮತ್ತೆ ಮಲಗತೊಡಗಿದ. ಐದನೆಯ ವಾರ ಬಲ ಮುಂಗಾಲಿನ ಅಡಿಯಲ್ಲಿ ಅರ್ಧಚಂದ್ರದಂಥ ಉಬ್ಬು ಕಾಣಿಸಿತು. ಚೀಟಿ ತೆಗೆದು ನೋಡಿದೆ. ಫೋನ್ ಮಾಡಿದೆ.

ಗುಂಡಿ ಆಳವಾಗಿರಲಿ, ಬಾವಿಯಿಂದ ದೂರವಿರಲಿ, ಔಷಧ ಮೈಯಲ್ಲೇ ಉಳಿಯುವುದರಿಂದ ನಾಯಿಗಳು ಕೆದರಿ ತಿಂದರೆ ಅವೂ ಸಾಯುತ್ತವೆ ಎಂದು ಮೊದಲೇ ತಿಳಿಸಿದ್ದರು. ಮನೆಯ ಹಿಂದಿನ ಹೊಲದಲ್ಲಿ ಜೆಸಿಬಿಯಿಂದ ತೋಡಿಸಿದೆ, 1,500 ರೂಪಾಯಿ. ಅವತ್ತು ಡಾಕ್ಟರು 8.55ಕ್ಕೇ ಬಂದರು. ಮೊದಲು ಮಂಪರಿನ ಇಂಜೆಕ್ಷನ್. ತಲೆ ತಗ್ಗಿದ ಮೇಲೆ ಇನ್ನೊಂದು. ಬಿದ್ದ ಮೇಲೆ ಕಣ್ಣಿನ ಗುಡ್ಡೆ ಮುಟ್ಟಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಅವಸರ ಮಾಡಲಿಲ್ಲ.

ಶುಲ್ಕ: ಮೊದಲ ಭೇಟಿ 1,200, ಗೊರಸು ಕೆಲಸ ಎರಡು ಸಲ ಸೇರಿ 1,000, ಕೊನೆಯ ದಿನ 2,480. ಕೇಳದೆ ರಸೀದಿ ಕೊಡುವುದಿಲ್ಲ, ಅದಕ್ಕೊಂದು ಅಂಕ ಕಡಿಮೆ. ನಾನು ಕೇಳಿದೆ. "ಗುಂಡ್ಯಾ, ತಟ್ಟು, ಕಂದು, ಗಂಡು, ಅಂದಾಜು 18 ವರ್ಷ" ಎಂದು ಬರೆದುಕೊಟ್ಟರು. ಮೊಬೈಲ್‌ನಲ್ಲಿ ದುಡ್ಡು ಕಳಿಸುವವನಲ್ಲ ನಾನು, ಐನೂರರ ಐದು ನೋಟು ಕೊಟ್ಟೆ. ಅವರ ಬಳಿ ಚಿಲ್ಲರೆ ಇರಲಿಲ್ಲ. ರಸೀದಿಯನ್ನು ನನ್ನ ಕೈಯಿಂದ ಇಸಿದುಕೊಂಡು, ನಾನು ಇಪ್ಪತ್ತೊಂಬತ್ತು ವರ್ಷ ಟಿಕೆಟಿನ ಹಿಂದೆ ಬರೆದುಕೊಟ್ಟ ಹಾಗೆಯೇ, ಹಿಂಬದಿಯಲ್ಲಿ 20 ಎಂದು ಬರೆದು ಸುತ್ತು ಹಾಕಿದರು. ಅದಿನ್ನೂ ಬರಬೇಕಿದೆ.