ವಾಸ್ಕೋದ ಗೋಡೆಯ ಮೇಲೆ ದಕ್ಷಿಣ ಧ್ರುವ: ಹಳೇ ನಕ್ಷೆಯ ಮರುಮುದ್ರಣ, ಕೆಲವು ಮಳೆಗಾಲಗಳ ನಂತರ

ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಯ ಹಾಲ್‌ನ ಗೋಡೆಗೆ ತೂಗುಹಾಕಿರುವುದು 1914ರ ಆಸುಪಾಸಿನ ಅಂಟಾರ್ಕ್ಟಿಕಾ ನಕ್ಷೆಯ ಮರುಮುದ್ರಣ. ಕ್ಯಾನ್ವಾಸ್ ಬಟ್ಟೆ, ಮೇಲೆ ಕೆಳಗೆ ಮರದ ಪಟ್ಟಿ, ಅಗಲ ಹತ್ತಿರ ಹತ್ತಿರ ಮೂರೂವರೆ ಅಡಿ. ಹಳೇ ಭೂಪಟಗಳನ್ನು ಅಚ್ಚು ಹಾಕಿ ಮಾರುವ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದು. ಇಂಥ ವಸ್ತುವಿನ ಯೋಗ್ಯತೆ ಪಾರ್ಸೆಲ್ ಬಿಚ್ಚಿದ ದಿನ ಗೊತ್ತಾಗುವುದಿಲ್ಲ, ಗೋವಾದ ಜುಲೈ ತಿಂಗಳಲ್ಲಿ ಗೊತ್ತಾಗುತ್ತದೆ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದದ್ದು ಅದರ ಖಾಲಿ ಜಾಗದ ಬಗ್ಗೆ. ಖಂಡದ ಅಂಚು ಇಲ್ಲಿ ತುಂಡುತುಂಡಾಗಿದೆ. ಒಂದು ಕಡೆ ಗ್ರಹಾಮ್ ಲ್ಯಾಂಡ್, ಇನ್ನೊಂದು ಕಡೆ ಬ್ರಿಟಿಷ್ ನಾವಿಕ ಬಿಸ್ಕೋ 1831ರಲ್ಲಿ ಕಂಡ ಎಂಡರ್ಬಿ ಲ್ಯಾಂಡ್, ದೂರದಲ್ಲಿ ವಿಲ್ಕ್ಸ್ ಲ್ಯಾಂಡ್. ನಡುನಡುವೆ ಕರಾವಳಿಯೇ ಇಲ್ಲ. ಊರಿನಿಂದ ಬಂದಿದ್ದ ನಮ್ಮ ಮಾವನವರು ಬಹಳ ಹೊತ್ತು ನೋಡಿ, "ಇದೇನ್ರೀ, ನಡುವ ಏನೂ ಬರದೇ ಇಲ್ಲಲ್ಲ?" ಅಂದರು. ಬರೆದಿಲ್ಲ, ಯಾಕೆಂದರೆ ಆಗ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಅಲಂಕಾರಕ್ಕೆಂದು ಮಾರುವ ಎಷ್ಟೋ ನಕ್ಷೆಗಳಲ್ಲಿ ಇಂಥ ಜಾಗ ಕಂಡ ಕೂಡಲೇ ಒಂದು ಪೆಂಗ್ವಿನ್, ಒಂದು ಹಡಗು, ಮೇಲೆ ಚಹಾದ ಕಲೆಯಂಥ ಬಣ್ಣ ತುಂಬಿಬಿಡುತ್ತಾರೆ. ಇವರು ಏನನ್ನೂ ತುಂಬಿಲ್ಲ. ನನಗೆ ಈ ನಕ್ಷೆ ಇಷ್ಟವಾಗಲು ಅದೇ ದೊಡ್ಡ ಕಾರಣ.

ಅಚ್ಚಿನ ಸ್ಪಷ್ಟತೆಯ ಬಗ್ಗೆ ದೂರೇ ಇಲ್ಲ. ರಾಸ್ ಸಮುದ್ರದ ಕೆಳಗೆ ಹಿಮದ ಬಯಲಿನ ಮೇಲೆ ಧ್ರುವ ಮುಟ್ಟಲು ಹೊರಟ ಮೂರು ತಂಡಗಳ ದಾರಿಗಳಿವೆ. ಬ್ರಿಟನ್ನಿನ ಶ್ಯಾಕಲ್ಟನ್ ದಾರಿ 88°23′ ದಕ್ಷಿಣ ಅಕ್ಷಾಂಶಕ್ಕೆ ನಿಂತುಹೋಗುತ್ತದೆ, ಪಕ್ಕದಲ್ಲಿ 9 ಜನವರಿ 1909 ಎಂದು ಸಾಸಿವೆ ಗಾತ್ರದ ಅಕ್ಷರ. ಧ್ರುವಕ್ಕೆ ಇನ್ನೂ ಸುಮಾರು 180 ಕಿಲೋಮೀಟರ್ ಇತ್ತು. ಊಟ ತೀರುತ್ತಾ ಬಂದಿತ್ತು, ಮುಂದೆ ಹೋದರೆ ಜೊತೆಗಿದ್ದವರು ಬದುಕಿ ಬರುವುದಿಲ್ಲವೆಂದು ಆತ ಹಿಂದಿರುಗಿದ. ತಿಮಿಂಗಿಲ ಕೊಲ್ಲಿಯಿಂದ ಹೊರಟ ನಾರ್ವೆಯ ಅಮುಂಡ್ಸನ್ 14 ಡಿಸೆಂಬರ್ 1911ರಂದು ಧ್ರುವ ಮುಟ್ಟಿದ. ಬಿಯರ್ಡ್‌ಮೋರ್ ಹಿಮನದಿ ಹತ್ತಿಹೋದ ಬ್ರಿಟನ್ನಿನ ಸ್ಕಾಟ್ ತಲುಪಿದ್ದು 17 ಜನವರಿ 1912ಕ್ಕೆ. ಅಮುಂಡ್ಸನ್ ಬಿಡಾರ ಸ್ಕಾಟ್‌ಗಿಂತ ಸುಮಾರು ಒಂದು ಅಕ್ಷಾಂಶದಷ್ಟು ಧ್ರುವಕ್ಕೆ ಹತ್ತಿರ. ಪುಸ್ತಕದಲ್ಲಿ ಓದುವಾಗ ಗಮನಕ್ಕೆ ಬಾರದ ಈ ಸಂಗತಿ ಗೋಡೆಯ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಮಗಳು ಈ ಗೆರೆಗಳ ಮೇಲೆ ಬೆರಳಾಡಿಸುತ್ತಲೇ ಇರುತ್ತಾಳೆ. ಕೆಂಪು ಗೆರೆ ಇನ್ನೂ ಮಾಸಿಲ್ಲ.

ವಾಸ್ಕೋದವರಿಗೆ ಈ ನಕ್ಷೆಯಲ್ಲಿ ಬೇರೆಯೇ ಒಂದು ಆಕರ್ಷಣೆ ಇದೆ. ನಮ್ಮ ಹೆಡ್‌ಲ್ಯಾಂಡ್ ಸಡಾದ ಗುಡ್ಡದ ಮೇಲಿರುವುದು ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಸಾಗರ ವಿಜ್ಞಾನಿ ಡಾ. ಖಾಸಿಂ ಅವರ ಮುಂದಾಳತ್ವದಲ್ಲಿ ಭಾರತದ ಮೊದಲ ತಂಡ 1981ರ ಡಿಸೆಂಬರ್‌ನಲ್ಲಿ ಹೊರಟದ್ದೂ ಗೋವಾದಿಂದಲೇ. ಮುಂದಿನ ಜನವರಿಯಲ್ಲಿ ಅವರು ಅಂಟಾರ್ಕ್ಟಿಕಾ ನೆಲ ಮುಟ್ಟಿದರು. ಈಗ ಭಾರತದ ಮೈತ್ರಿ ಸಂಶೋಧನಾ ಕೇಂದ್ರ ಇರುವ ಶಿರ್ಮಾಕರ್ ಪ್ರದೇಶ ಹುಡುಕಿದರೆ ನಕ್ಷೆಯಲ್ಲಿ ಅಲ್ಲಿ ಬರೀ ಬಿಳಿ. ಅದನ್ನು ಜರ್ಮನ್ನರು ವಿಮಾನದಿಂದ ಕಂಡದ್ದೇ 1939ರಲ್ಲಿ. 2012ರಲ್ಲಿ ಶುರುವಾದ ನಮ್ಮ ಇನ್ನೊಂದು ಕೇಂದ್ರ ಭಾರತಿಯ ಜಾಗವೂ ಖಾಲಿಯೇ. ಮನೆಗೆ ಬಂದ ನಮ್ಮವರಿಗೆಲ್ಲ ನಾನು ಈ ಎರಡು ಖಾಲಿ ಜಾಗ ತೋರಿಸದೆ ಬಿಡುವುದಿಲ್ಲ.

ಇನ್ನು ಬಾಳಿಕೆ. ಪಿಗ್ಮೆಂಟ್ ಇಂಕ್, ಮ್ಯಾಟ್ ಫಿನಿಶ್. ಹಾಗಾಗಿ ಟ್ಯೂಬ್‌ಲೈಟ್ ಬೆಳಕು ಹೊಳೆದು ಕಣ್ಣು ಕುಕ್ಕುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಸ್ವಲ್ಪ ಸಡಿಲಾಗುತ್ತದೆ, ಅಕ್ಟೋಬರ್ ಬಿಸಿಲಿಗೆ ತಾನೇ ಸರಿಹೋಗುತ್ತದೆ. ಬೂಷ್ಟು ಹಿಡಿದಿಲ್ಲ. ಅದಕ್ಕೆ ಅರ್ಧ ಕಾರಣ ನಾವು ಹಿಂದೆ ಬೆಣೆ ಚೂರು ಇಟ್ಟು ಗೋಡೆಗೂ ಬಟ್ಟೆಗೂ ನಡುವೆ ಬೆರಳಷ್ಟು ಸಂದು ಬಿಟ್ಟದ್ದು. ಮಡಗಾಂವ್‌ನ ಗೆಳೆಯರೊಬ್ಬರು ಇದೇ ನಕ್ಷೆಯನ್ನು ಕಾಗದದಲ್ಲಿ ತರಿಸಿ ಗಾಜಿನ ಫ್ರೇಮ್ ಹಾಕಿಸಿದರು. ಮೊದಲ ಮಳೆಗಾಲಕ್ಕೇ ಕಾಗದ ಉಬ್ಬಿ, ಗಾಜಿಗೆ ತಾಗಿದ ಕಡೆಯೆಲ್ಲ ಕಪ್ಪು ಚುಕ್ಕೆ ಬಂತು. ಕರಾವಳಿಯಲ್ಲಿ ಇರುವವರು ದುಡ್ಡು ಹೆಚ್ಚಾದರೂ ಬಟ್ಟೆಯದನ್ನೇ ತೆಗೆದುಕೊಳ್ಳಿ. ಜೊತೆಗೆ ಕೊಟ್ಟಿದ್ದ ಕಬ್ಬಿಣದ ಕೊಕ್ಕೆ ಮಾತ್ರ ಉಪ್ಪುಗಾಳಿಗೆ ತುಕ್ಕು ಹಿಡಿಯಿತು, ಹಿತ್ತಾಳೆಯದು ಹಾಕಿದೆವು.

ಇಷ್ಟು ಹೊಗಳಿದ ಮೇಲೆ ಅದೇ ಅಂಗಡಿಯ ಉತ್ತರ ಧ್ರುವದ ನಕ್ಷೆಯ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಅದರ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ಅದು 1880ರ ದಶಕದ ನಕ್ಷೆಯ ಮರುಮುದ್ರಣ. ಆರ್ಕ್ಟಿಕ್‌ನ ಫ್ರಾನ್ಸ್ ಜೋಸೆಫ್ ಲ್ಯಾಂಡ್ ದ್ವೀಪಗಳ ಉತ್ತರಕ್ಕೆ ಪೀಟರ್‌ಮನ್ ಲ್ಯಾಂಡ್ ಎಂಬ ನೆಲ ಇದೆಯೆಂದು ಆಸ್ಟ್ರಿಯಾದ ಅನ್ವೇಷಕ ಪಾಯರ್ 1874ರಲ್ಲಿ ವರದಿ ಮಾಡಿದ್ದ. ಅಂಥ ನೆಲವೇ ಇಲ್ಲ. 1900ರಲ್ಲಿ ಇಟಲಿಯ ಕಾನ್ಯಿ ಆ ದ್ವೀಪಗಳಿಂದ ಹೊರಟು 86°34′ವರೆಗೆ ಹೋದಾಗ ದಾರಿಯುದ್ದಕ್ಕೂ ಸಿಕ್ಕಿದ್ದು ಸಮುದ್ರದ ಮಂಜುಗಡ್ಡೆ ಮಾತ್ರ. ಅಂಗಡಿಯ ಪುಟದ ಚಿತ್ರದಲ್ಲಿ ಆ ಇಲ್ಲದ ನೆಲದ ಚುಕ್ಕಿಗೆರೆ ಸ್ಪಷ್ಟವಾಗಿತ್ತು. ನಾನು ಆಸೆಪಟ್ಟು ತರಿಸಿದ್ದೇ ಅದಕ್ಕಾಗಿ. ಬಂದ ಪ್ರತಿಯಲ್ಲಿ ಅದು ಮಾಯ! ಕೇಳಿದರೆ, ಹಳೇ ಕಲೆಗಳನ್ನು ತೆಗೆದು ಸ್ವಚ್ಛ ಮಾಡಿದ್ದೇವೆ ಎಂಬ ಉತ್ತರ. ಕಲೆಯ ಜೊತೆಗೆ ಗೆರೆಯನ್ನೂ ಅಳಿಸಿದ್ದಾರೆ. ಒಂದು ಕಾಲದ ಜನ ನಂಬಿದ್ದನ್ನು ಅಳಿಸಿದ ಮೇಲೆ ಅದನ್ನು ಹಳೇ ನಕ್ಷೆಯೆಂದು ಮಾರುವುದು ಸರಿಯಲ್ಲ. ವಾಪಸ್ ಕಳಿಸಿದೆ. ಹಣ ಪೂರ್ತಿ ಬಂತು, ಕೊರಿಯರ್ ಖರ್ಚು ಬರಲಿಲ್ಲ.

ದಕ್ಷಿಣದ ನಕ್ಷೆಗೆ ಐದಕ್ಕೆ ಐದು, ಉತ್ತರದ್ದಕ್ಕೆ ಎರಡು. ಈ ಅಂಗಡಿಯಲ್ಲಿ ಬೇರೆ ಯಾವುದನ್ನೇ ಕೊಳ್ಳುವುದಿದ್ದರೂ, ನಿಮಗೆ ಬೇಕಾದ ಮೂಲೆಯನ್ನು ದೊಡ್ಡದು ಮಾಡಿ, ಅಚ್ಚಿಗೆ ಹೋಗುವ ಫೈಲಿನದ್ದೇ ಚಿತ್ರ ಕಳಿಸಿ ಎಂದು ಮೊದಲೇ ಕೇಳಿ. ಕೇಳಿದರೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.