ನಕಲಿ ಜೈಲಿನ ಮೂರು ಸಿನಿಮಾ: ಯಾವುದನ್ನು, ಯಾವಾಗ ನೋಡಬೇಕು?

1971ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೋರ್ಡನ್ ಹಾಲ್ ನೆಲಮಾಳಿಗೆಯಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಒಂದು ನಕಲಿ ಜೈಲು ಕಟ್ಟಿಸಿ, ಕೆಲವು ವಿದ್ಯಾರ್ಥಿಗಳನ್ನು ಕೈದಿಗಳನ್ನಾಗಿ, ಉಳಿದವರನ್ನು ಗಾರ್ಡ್‌ಗಳನ್ನಾಗಿ ಮಾಡಿದರು. ಎರಡು ವಾರಕ್ಕೆಂದು ಶುರುವಾದ ಆ ಪ್ರಯೋಗ, ಗಾರ್ಡ್‌ಗಳ ಕ್ರೌರ್ಯ ಮಿತಿಮೀರಿ, ಆರೇ ದಿನಕ್ಕೆ ನಿಂತುಹೋಯಿತು. ಅದರ ನೆರಳಲ್ಲಿ ಬಂದ ಕಥಾಚಿತ್ರಗಳಲ್ಲಿ ಹೆಚ್ಚು ಮಾತಾಗುವುದು ಮೂರು: 2001ರ ಜರ್ಮನ್ ಚಿತ್ರ ‘ದಾಸ್ ಎಕ್ಸ್‌ಪೆರಿಮೆಂಟ್’, ಅದರದೇ ಅಮೆರಿಕನ್ ರೀಮೇಕ್ ಆದ 2010ರ ‘ದಿ ಎಕ್ಸ್‌ಪೆರಿಮೆಂಟ್’, ಮತ್ತು 2015ರ ‘ದಿ ಸ್ಟ್ಯಾನ್‌ಫರ್ಡ್ ಪ್ರಿಸನ್ ಎಕ್ಸ್‌ಪೆರಿಮೆಂಟ್’.

ಮೊದಲು ಒಂದು ಎಚ್ಚರಿಕೆ. ಮೊದಲೆರಡರ ಹೆಸರು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹುಡುಕುವಾಗ ಒಂದರ ಬದಲು ಇನ್ನೊಂದು ಸಿಗುವುದು ಮಾಮೂಲು. ಮೊರಿಟ್ಸ್ ಬ್ಲೈಬ್‌ಟ್ರೊಯ್ ಇದ್ದು ಅವಧಿ ಎರಡು ಗಂಟೆಯ ಆಸುಪಾಸು ಇದ್ದರೆ ಅದು ಜರ್ಮನ್ ಚಿತ್ರ. ಏಡ್ರಿಯನ್ ಬ್ರೋಡಿ, ಫಾರೆಸ್ಟ್ ವಿಟೇಕರ್ ಇದ್ದು 96 ನಿಮಿಷದಲ್ಲಿ ಮುಗಿದರೆ ರೀಮೇಕ್. ಎರಡರ ಕಥೆಯ ಎಲುಬೂ ಒಂದೇ. ರೀಮೇಕ್ ಮೊದಲು ನೋಡಿದಿರೋ, ಜರ್ಮನ್ ಚಿತ್ರದ ಅರ್ಧ ಪೆಟ್ಟು ಅಲ್ಲೇ ಹೋಯಿತು. (ಮುಂದೆ ಕಥೆಯ ತಿರುವುಗಳೂ ಬರುತ್ತವೆ, ನೋಡಿಕೊಂಡು ಓದಿ.)

ಈ ಮೂರನ್ನು ಅಳೆಯಲು ನಟನೆ, ಛಾಯಾಗ್ರಹಣಕ್ಕಿಂತ ಒಳ್ಳೆಯ ಅಳತೆಗೋಲು ಇದೆ: ಪ್ರಯೋಗ ಮಾಡುವವನು ಎಲ್ಲಿ ನಿಂತಿದ್ದಾನೆ ಎಂದು ನೋಡಿ. ಜರ್ಮನ್ ಚಿತ್ರದಲ್ಲಿ ವಿಜ್ಞಾನಿಗಳು ಮಾನಿಟರ್‌ಗಳ ಮುಂದೆ ಕೂತಿರುತ್ತಾರೆ. ಮುಖ್ಯ ಪ್ರೊಫೆಸರ್ ಬೇಕಾದ ಹೊತ್ತಿಗೆ ಊರಲ್ಲಿಲ್ಲ, ಫೋನಿಗೂ ಸಿಗುವುದಿಲ್ಲ. ಉಳಿದವರನ್ನು ಗಾರ್ಡ್‌ಗಳೇ ಕೂಡಿಹಾಕುತ್ತಾರೆ. ರೀಮೇಕ್‌ನಲ್ಲಿ ನಿಯಮ ಹೇಳಿ ಹೋದ ವಿಜ್ಞಾನಿ ಪ್ರಯೋಗ ನಡೆಯುವಷ್ಟು ಹೊತ್ತು ಜೈಲಿನೊಳಗೆ ಮತ್ತೆ ಕಾಣುವುದಿಲ್ಲ. ಗೋಡೆಯ ಮೇಲೊಂದು ಕೆಂಪು ದೀಪ, ಸುತ್ತ ಕ್ಯಾಮೆರಾಗಳು, ಅಷ್ಟೇ. 2015ರ ಚಿತ್ರದಲ್ಲಿ ಮಾತ್ರ ಪ್ರಯೋಗ ಮಾಡುವವನೇ ಜೈಲಿನ ಸೂಪರಿಂಟೆಂಡೆಂಟ್. ನಿಜ ಘಟನೆಯಲ್ಲಿ ಜಿಂಬಾರ್ಡೊ ವಹಿಸಿಕೊಂಡದ್ದೂ ಆ ಪಾತ್ರವನ್ನೇ. ಅಂದರೆ ಮೊದಲೆರಡು ಚಿತ್ರಗಳು ವಿಜ್ಞಾನಿಯನ್ನು ಪಕ್ಕಕ್ಕೆ ಸರಿಸಿ ‘ಮನುಷ್ಯ ಸ್ವಭಾವವೇ ಹೀಗೆ’ ಎಂಬ ಥ್ರಿಲ್ಲರ್ ಕಟ್ಟಿದವು. ಮೂರನೆಯದು ಅವನನ್ನು ಜೈಲಿನ ಒಳಗೇ ಇಟ್ಟಿತು.

ಥ್ರಿಲ್ಲರ್ ಎಂದೇ ನೋಡುವುದಾದರೆ ಜರ್ಮನ್ ಚಿತ್ರದ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ನಿರ್ದೇಶಕ ಆಲಿವರ್ ಹಿರ್ಷ್‌ಬೀಗಲ್. ಹಿಟ್ಲರನ ಕೊನೆಯ ದಿನಗಳ ‘ಡೌನ್‌ಫಾಲ್’ ಮಾಡಿದ್ದು ಇವರೇ. ಇಲ್ಲಿ 20 ಜನ: 12 ಕೈದಿಗಳು, 8 ಗಾರ್ಡ್‌ಗಳು. ಎರಡು ವಾರಕ್ಕೆ ತಲಾ 4000 ಮಾರ್ಕ್. ಮೊದಲ ಬಿರುಕು ಮೂಡುವುದು ಒಂದು ಲೋಟ ಹಾಲಿನಲ್ಲಿ. ಕೊಟ್ಟ ಊಟ ಪೂರ್ತಿ ಮುಗಿಸಬೇಕೆಂಬುದು ನಿಯಮ. 82ನೇ ನಂಬರಿನ ಕೈದಿಗೆ ಹಾಲು ಆಗಿಬರುವುದಿಲ್ಲ. ಗಾರ್ಡ್‌ಗೂ ಅದೇನೂ ದೊಡ್ಡ ವಿಷಯವಲ್ಲ, ಆದರೆ ನಿಯಮ ನಿಯಮ ತಾನೇ? ಆಗ 77ನೇ ನಂಬರಿನ ತಾರೆಕ್ ಪಕ್ಕದವನ ಲೋಟ ಎತ್ತಿ ತಾನೇ ಗಟಗಟ ಕುಡಿದುಬಿಡುತ್ತಾನೆ. ಎಲ್ಲರೂ ನಗುತ್ತಾರೆ. ಗಾರ್ಡ್‌ಗೆ ನಾಟುವುದು ಆ ನಗು. ಮುಂದಿನ ಅಷ್ಟೂ ಹಿಂಸೆಯನ್ನು ಆ ನಗುವಿಗೇ ಗಂಟುಹಾಕಬಹುದು, ಅಷ್ಟು ಬಿಗಿಯಾಗಿದೆ ಬರವಣಿಗೆ. ದೈಹಿಕವಾಗಿ ಹೊಡೆಯುವಂತಿಲ್ಲ, ಹಾಗಾದರೆ ಬಗ್ಗಿಸುವುದು ಹೇಗೆ? ‘ಅವಮಾನ ಮಾಡುವುದರಿಂದ’ ಎಂಬ ಉತ್ತರ ತರುವವನು ಅದುವರೆಗೆ ತೆಪ್ಪಗಿದ್ದ ಗಾರ್ಡ್ ಬೇರುಸ್. ಯುಸ್ಟುಸ್ ಫಾನ್ ಡೋನಾನಿ ಈ ಪಾತ್ರದಲ್ಲಿ ದನಿ ಏರಿಸದೆಯೇ ಹೆದರಿಸುತ್ತಾರೆ.

ಹದ ತಪ್ಪುವುದು ಎರಡು ಕಡೆ. ಡೋರಾ ಎಂಬಾಕೆಯೊಂದಿಗಿನ ತಾರೆಕ್‌ನ ಪ್ರೇಮದ ತುಣುಕುಗಳು ಆಗಾಗ ನುಗ್ಗಿ ಬರುತ್ತವೆ. ಪ್ರತಿ ಸಲ ಹೊರಗಿನ ಬೆಳಕು ಕಂಡಾಗಲೂ ಒಳಗಿನ ಉಸಿರುಕಟ್ಟು ಸಡಿಲವಾಗುತ್ತದೆ. ಇನ್ನೊಂದು, ತಾರೆಕ್ ಹಿಂದೆ ಪತ್ರಕರ್ತನಾಗಿದ್ದ ಟ್ಯಾಕ್ಸಿ ಚಾಲಕ. ಕನ್ನಡಕದಲ್ಲಿ ಗುಪ್ತ ಕ್ಯಾಮೆರಾ ಇಟ್ಟುಕೊಂಡು ಸುದ್ದಿಗಾಗಿ ಒಳಗೆ ಬಂದವನು, ಬೇಕೆಂದೇ ಕೆಣಕುತ್ತಾನೆ. ಕಥೆಗೆ ಇದು ಲಾಭ. ಆದರೆ ‘ಸಾಮಾನ್ಯ ಜನ ಹೀಗಾದರು’ ಎಂಬ ವಾದಕ್ಕೆ ಇದೇ ಪೆಟ್ಟು, ಏಕೆಂದರೆ ಬೆಂಕಿ ಹಚ್ಚಿದವನು ಸಾಮಾನ್ಯ ಕೈದಿಯಲ್ಲ.

ರೀಮೇಕ್‌ನ ಎಡವಟ್ಟು ಹಣದಲ್ಲಿದೆ. ನಿಜವಾದ ಪ್ರಯೋಗದಲ್ಲಿ ದಿನಕ್ಕೆ 15 ಡಾಲರ್. ಇಲ್ಲಿ ದಿನಕ್ಕೆ 1000, 14 ದಿನಕ್ಕೆ 14,000. ಜೊತೆಗೆ, ಹಿಂಸೆ ನಡೆದರೆ ಅಥವಾ ನಿಯಮ ಮುರಿದರೆ ಕೆಂಪು ದೀಪ ಹೊತ್ತಿಕೊಂಡು ಎಲ್ಲರ ಹಣವೂ ಹೋಗುತ್ತದೆ. ಹೀಗಾದ ಮೇಲೆ ಗಾರ್ಡ್‌ಗಳು ಕಠೋರರಾಗುವುದಕ್ಕೆ ಸಮವಸ್ತ್ರ ಬೇಕಿಲ್ಲ, ತಮ್ಮ ಸಂಬಳ ಕಾಯುವ ಆಸೆಯೇ ಸಾಕು. ಕೈದಿಗಳು ಸುಮ್ಮನಿರುವುದಕ್ಕೂ ಅದೇ ಕಾರಣ. ಪಾತ್ರ ಮನುಷ್ಯನನ್ನು ನುಂಗಿತೇ ಎಂಬ ಪ್ರಶ್ನೆ ಕೇಳುವ ಮೊದಲೇ ಸತ್ತುಹೋಗುತ್ತದೆ. ಒಳ್ಳೆಯ ಅಂಶ ಒಂದೇ: ವಿಟೇಕರ್. ಏಟು ಬಿದ್ದರೂ ಕೆಂಪು ದೀಪ ಹೊತ್ತಲಿಲ್ಲವೆಂದು ತಿಳಿದಾಗ ಅವರ ಮುಖದಲ್ಲಾಗುವ ಬದಲಾವಣೆ ಇಡೀ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ: ತಡೆಯುವವರು ತಡೆಯಲಿಲ್ಲ, ಅಂದರೆ ಇದು ಸರಿಯೇ ಇರಬೇಕು. ನಾಯಕ ದುಡ್ಡಿಗೆ ಒಪ್ಪಿಕೊಳ್ಳುವುದು ಭಾರತಕ್ಕೆ ಹೊರಟ ಹುಡುಗಿಯ ಹಿಂದೆ ಹೋಗಲು. ನಮ್ಮ ದೇಶ ಇಲ್ಲಿ ಟಿಕೆಟ್‌ನಷ್ಟೇ ಕೆಲಸಕ್ಕೆ ಬಂದಿದೆ.

2015ರ ಕೈಲ್ ಪ್ಯಾಟ್ರಿಕ್ ಅಲ್ವಾರೆಜ್ ಚಿತ್ರ 122 ನಿಮಿಷ. ಥ್ರಿಲ್ಲರ್ ಬಯಸಿ ಕೂತವರಿಗೆ ಮಧ್ಯದಲ್ಲಿ ಬೇಸರ ಬರಬಹುದು; ಒಂದೇ ಕಾರಿಡಾರ್, ಅದೇ ಸಾಲು, ಅದೇ ಎಣಿಕೆ. ನಂಬರ್ ಕೂಗಿಸುವುದು, ಹಿಂದುಮುಂದಾಗಿ ಕೂಗಿಸುವುದು, ತಪ್ಪಿದರೆ ಪುಷ್ಅಪ್. ಆ ಏಕತಾನವೇ ಇಲ್ಲಿ ಹಿಂಸೆ, ಹಾಗಾಗಿ ಓಡಿಸಿ ನೋಡಬೇಡಿ. ವಿವರಗಳಲ್ಲಿ ನಿಜಕ್ಕೆ ತುಂಬ ಹತ್ತಿರ: ಒಳಉಡುಪಿಲ್ಲದ ಅಂಗಿ, ತಲೆಗೆ ನೈಲಾನ್ ಸ್ಟಾಕಿಂಗ್, ಪಾದಕ್ಕೆ ಸರಪಳಿ, ಗಾರ್ಡ್‌ಗಳಿಗೆ ಖಾಕಿ ಮತ್ತು ಕಣ್ಣು ಕಾಣದಂತಹ ಕನ್ನಡಿ ಕನ್ನಡಕ. ಸಾಸೇಜ್ ತಿನ್ನಲು ಒಪ್ಪದೆ ಊಟ ಬಿಟ್ಟ 416ನೇ ನಂಬರಿನ ಕೈದಿಯ ಪ್ರಸಂಗವೂ ಉಂಟು. ಇಲ್ಲಿ ಯಾರೂ ಸಾಯುವುದಿಲ್ಲ. ನಿಜದಲ್ಲೂ ಸಾಯಲಿಲ್ಲ. ಸಾವನ್ನು ಸೇರಿಸಿದ್ದು ಮೊದಲೆರಡು ಚಿತ್ರಗಳು.

ಇದರಲ್ಲಿ ಎರಡು ದೃಶ್ಯ ತಪ್ಪಿಸಿಕೊಳ್ಳಬಾರದವು. ಸಹೋದ್ಯೋಗಿಯೊಬ್ಬರು ಬಂದು, ಸ್ವತಂತ್ರ ಚರ (ಪ್ರಯೋಗದಲ್ಲಿ ಬೇಕೆಂದೇ ಬದಲಿಸಿ ನೋಡುವ ಅಂಶ) ಯಾವುದಪ್ಪಾ ಎಂದು ಸರಳವಾಗಿ ಕೇಳುತ್ತಾರೆ. ಜಿಂಬಾರ್ಡೊ ಪಾತ್ರಧಾರಿ ಬಿಲ್ಲಿ ಕ್ರಡಪ್ ಸಿಡುಕುತ್ತಾರೆ. ಪ್ರಯೋಗದ ಸೋಲು ಅಲ್ಲೇ ಬಯಲು. ಇನ್ನೊಂದು, ಜಿಂಬಾರ್ಡೊರ ಆಗಿನ ಗೆಳತಿ, ಮುಂದೆ ಪತ್ನಿಯಾದ ಕ್ರಿಸ್ಟಿನಾ ಮಾಸ್ಲಾಕ್‌ರನ್ನು ಆಧರಿಸಿದ ಪಾತ್ರ ಬಂದು, ತಲೆಗೆ ಚೀಲ ಹಾಕಿ ಸರಪಳಿಯಲ್ಲಿ ಶೌಚಕ್ಕೆ ನಡೆಸುತ್ತಿರುವ ಕೈದಿಗಳ ಸಾಲನ್ನು ಕಂಡು ತಿರುಗಿಬೀಳುವುದು.

ಆದರೆ ಈ ಚಿತ್ರವನ್ನು ಪೂರ್ತಿ ನಂಬಬಾರದು. ಜಿಂಬಾರ್ಡೊ ಅವರೇ ಸಲಹೆಗಾರರಾಗಿದ್ದರಿಂದ ಅವರು ಹೇಳಿಕೊಂಡ ಕಥೆಯೇ ಬೆನ್ನೆಲುಬು. ಚಿತ್ರ ಬಂದ ಮೂರು ವರ್ಷಕ್ಕೆ, 2018ರಲ್ಲಿ, ಫ್ರೆಂಚ್ ಸಂಶೋಧಕ ತಿಬೋ ಲೆ ತೆಕ್ಸಿಯೇ ಸ್ಟ್ಯಾನ್‌ಫರ್ಡ್‌ನ ಹಳೆಯ ದಾಖಲೆ ಕೆದಕಿ ಪುಸ್ತಕ ತಂದರು. ಮೆತ್ತಗಿದ್ದ ಗಾರ್ಡ್ ಒಬ್ಬನಿಗೆ ‘ಕಠಿಣವಾಗಿರು’ ಎಂದು ವಾರ್ಡನ್ ಪಾತ್ರದಲ್ಲಿದ್ದ ಜಿಂಬಾರ್ಡೊರ ಸಹಾಯಕ ಒತ್ತಾಯಿಸಿದ ಧ್ವನಿಮುದ್ರಣವೂ ಆ ಹೊತ್ತಿನಲ್ಲೇ ಚರ್ಚೆಗೆ ಬಂತು. ಕ್ರೂರನೆಂದು ಹೆಸರಾದ ಗಾರ್ಡ್ ತಾನು ನಾಟಕವಾಡುತ್ತಿದ್ದೆ ಎಂದಿದ್ದಾನೆ. ಹಾಗಾದರೆ ಗಾರ್ಡ್‌ಗಳು ತಾವಾಗಿ ಕ್ರೂರರಾದರೋ, ಅಥವಾ ಹೇಳಿಸಿಕೊಂಡು ಆದರೋ? ಗಾರ್ಡ್‌ನ ಕೊನೆಯ ಸಂದರ್ಶನದಲ್ಲಿ ಚಿತ್ರ ಈ ಬಾಗಿಲನ್ನು ತುಸು ತೆರೆದಿಟ್ಟಿದೆ, ಪೂರ್ತಿ ತೆರೆಯುವುದಿಲ್ಲ.

ನೋಡುವ ಕ್ರಮ: ಜರ್ಮನ್ ಚಿತ್ರ ಮೊದಲು, ಡಬ್ಬಿಂಗ್ ಬೇಡ, ಸಬ್‌ಟೈಟಲ್ ಹಾಕಿಕೊಳ್ಳಿ, ಗಾರ್ಡ್‌ಗಳ ಆಜ್ಞೆಯ ದನಿಯೇ ಅರ್ಧ ಸಿನಿಮಾ. ಅದಾದ ಮೇಲೆ, ಸ್ವಲ್ಪ ದಿನ ಬಿಟ್ಟು, 2015ರದ್ದು. ರೀಮೇಕ್ ವಿಟೇಕರ್ ಅಭಿಮಾನಿಗಳಿಗೆ ಮಾತ್ರ. ಮೊದಲೆರಡರಲ್ಲೂ ಲೈಂಗಿಕ ಹಿಂಸೆಯ ದೃಶ್ಯಗಳಿವೆ, ಮನೆಮಂದಿಯೊಂದಿಗೆ ಕೂರುವಂಥವಲ್ಲ. ತರಗತಿಗೆ ಬೇಕಾದರೆ 2015ರ ಚಿತ್ರದಿಂದ ಪೊಲೀಸರು ಬಂಧಿಸುವ ಭಾಗ, ಒಂದು ರಾತ್ರಿಯ ಎಣಿಕೆ, ಸಹೋದ್ಯೋಗಿಯ ಪ್ರಶ್ನೆ, ಕ್ರಿಸ್ಟಿನಾ ದೃಶ್ಯ, ಈ ನಾಲ್ಕು ಸಾಕು. ನಿಯಂತ್ರಣ ಗುಂಪು (ಹೋಲಿಕೆಗೆಂದು ಇಡುವ ಇನ್ನೊಂದು ಗುಂಪು) ಇರಲಿಲ್ಲವೆಂಬುದನ್ನು ವಿದ್ಯಾರ್ಥಿಗಳೇ ಹಿಡಿಯುತ್ತಾರೆ. ಅದರ ಜೊತೆ ಬಿಬಿಸಿಗಾಗಿ ಮನಶ್ಶಾಸ್ತ್ರಜ್ಞರಾದ ಹ್ಯಾಸ್ಲಮ್ ಮತ್ತು ರೀಚರ್ ನಡೆಸಿ 2002ರಲ್ಲಿ ಪ್ರಸಾರವಾದ ಜೈಲು ಅಧ್ಯಯನದ ಒಂದು ಕಂತು ತೋರಿಸಿ. ಅಲ್ಲಿ ಅಧಿಕಾರ ಚಲಾಯಿಸಲಾಗದೆ ಒದ್ದಾಡಿದವರು ಗಾರ್ಡ್‌ಗಳು. 2024ರಲ್ಲಿ ಬಂದ ನ್ಯಾಷನಲ್ ಜಿಯಾಗ್ರಫಿಕ್‌ನ ಮೂರು ಕಂತುಗಳ ಸಾಕ್ಷ್ಯಚಿತ್ರವನ್ನು ಕೊನೆಗಿಡಿ. 1971ರಲ್ಲಿ ಆ ಅಂಗಿ ತೊಟ್ಟವರು ಅದರಲ್ಲಿ ತಾವೇ ಮಾತಾಡುತ್ತಾರೆ.